ತುಮಕೂರಿನ ಸುತ್ತ ಸೈಟು ಕೊಳ್ಳುವವರಿಗೆ: ಮೊದಲು ನೀರು, ಆಮೇಲೆ ಕಾಗದ, ಕೊನೆಗೆ ಅಡ್ವಾನ್ಸ್

ಸೈಟು ನೋಡಲು ಹೋದ ದಿನವೇ ಕಿವಿಗೆ ಬೀಳುವ ಮಾತು: "ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ ಸಾರ್, ಈಗಲೇ ಟೋಕನ್ ಹಾಕಿಬಿಡಿ, ಪೇಪರ್ ಎಲ್ಲಾ ಕ್ಲಿಯರ್ ಇದೆ." ತೊಡಕು ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ. ದುಡ್ಡು ಕೈಬಿಟ್ಟ ಮೇಲೆ ಮನಸ್ಸು ಆ ಜಾಗಕ್ಕೆ ಅಂಟಿಕೊಳ್ಳುತ್ತದೆ. ಪಹಣಿಯಲ್ಲಿ ಏನೋ ಸರಿಯಿಲ್ಲ ಎಂದು ಕಂಡರೂ, 'ನೋಡೋಣ, ಸರಿಹೋಗುತ್ತೆ' ಎಂದುಕೊಂಡು ಮುಂದಕ್ಕೆ ಹೋಗುತ್ತೇವೆ. ಅದಕ್ಕೇ ಇಲ್ಲಿ ಹೇಳುವ ಕ್ರಮ ರೂಢಿಗೆ ಉಲ್ಟಾ ಇದೆ. ಮೊದಲು ಜಾಗ ಮತ್ತು ನೀರು, ಆಮೇಲೆ ದಾಖಲೆ, ಅದೆಲ್ಲ ಮುಗಿದ ಮೇಲೆ ಅಡ್ವಾನ್ಸ್. ವಕೀಲರ ಫೀಸು, ಅಳತೆ, ನೀರಿನ ಪರೀಕ್ಷೆ ಸೇರಿಸಿದರೂ ಸೈಟಿನ ಬೆಲೆಯಲ್ಲಿ ಸಣ್ಣ ಪಾಲು. ಆ ಖರ್ಚು ಮಾಡಿ 'ಬೇಡ' ಎಂದು ತೀರ್ಮಾನಿಸಿದರೆ ಅದು ನಷ್ಟವಲ್ಲ.

ಯಾವ ರಸ್ತೆಯ ಕಡೆ?

ತುಮಕೂರು ಬೆಂಗಳೂರಿಗೆ ಸುಮಾರು 70 ಕಿ.ಮೀ. ಊರು ಬೆಳೆಯುತ್ತಿರುವುದು ರಸ್ತೆಗಳ ಉದ್ದಕ್ಕೆ. ಬೆಂಗಳೂರು ಕಡೆಗೆ ಕ್ಯಾತಸಂದ್ರ, ಹಿರೇಹಳ್ಳಿ; ಕುಣಿಗಲ್ ರಸ್ತೆಯಲ್ಲಿ ಗೂಳೂರು; ಗುಬ್ಬಿ ಕಡೆಗೆ ಭೀಮಸಂದ್ರ, ಹೆಗ್ಗೆರೆ, ಮಲ್ಲಸಂದ್ರ; ಶಿರಾ ಕಡೆಗೆ ಅಂತರಸನಹಳ್ಳಿ, ಊರುಕೆರೆ, ಕೋರ, ವಸಂತನರಸಾಪುರ. ಯಾವ ದಿಕ್ಕು ಎಂಬುದನ್ನು ದರ ನೋಡಿ ತೀರ್ಮಾನಿಸಬೇಡಿ. ಮನೆಯವರು ದಿನಾ ಎಲ್ಲಿಗೆ ಓಡಾಡಬೇಕು ಎಂಬುದನ್ನು ಮೊದಲು ಬರೆದುಕೊಳ್ಳಿ.

ಬೆಂಗಳೂರಿಗೆ ದಿನಾ ಹೋಗಿಬರುವವರಿಗೆ ರೈಲು ನಿಲ್ದಾಣದಿಂದ ಇರುವ ದೂರವೇ ಮುಖ್ಯ. ಕ್ಯಾತಸಂದ್ರ, ಹಿರೇಹಳ್ಳಿಗಳಲ್ಲಿ ನಿಲ್ದಾಣಗಳಿವೆ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. 'ಸ್ಟೇಷನ್ ಪಕ್ಕದಲ್ಲೇ ಇದೆ' ಎಂಬ ಮಾತಿಗಿಂತ, ನಿಮ್ಮ ಹೊತ್ತಿಗೆ ನಿಲ್ಲುವ ರೈಲು ಯಾವುದು, ಸಂಜೆ ವಾಪಸ್ ಬರುವುದು ಯಾವುದು ಎಂದು ವೇಳಾಪಟ್ಟಿ ನೋಡಿ. ಕಾರಿನವರು ಇನ್ನೊಂದು ಲೆಕ್ಕ ಹಾಕಬೇಕು. ಕ್ಯಾತಸಂದ್ರದ ಬಳಿ ಟೋಲ್ ಇದೆ. ನೀವು ನೋಡುತ್ತಿರುವ ಜಾಗ ಟೋಲಿನ ಯಾವ ಕಡೆ ಬರುತ್ತದೆ, ಮಕ್ಕಳ ಶಾಲೆ ಯಾವ ಕಡೆ? ಖಾಸಗಿ ಕಾರುಗಳಿಗೆ 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸಿನಲ್ಲಿ 200 ಸಲ ದಾಟಬಹುದು. ದಿನಕ್ಕೆ ಒಂದೇ ಟೋಲನ್ನು ಎರಡು ಸಲ ದಾಟಿದರೂ ಅದು 100 ದಿನಕ್ಕೆ ಮುಗಿಯುತ್ತದೆ. ಟೋಲಿನಿಂದ 20 ಕಿ.ಮೀ. ಒಳಗಿನ ನಿವಾಸಿಗಳಿಗೆ ಸ್ಥಳೀಯ ಮಾಸಿಕ ಪಾಸೂ ಇದೆ. ವಿಳಾಸದ ದಾಖಲೆ ತೋರಿಸಬೇಕು.

ಕೈಗಾರಿಕಾ ಪ್ರದೇಶದ ಹತ್ತಿರದ ಸೈಟಿಗೆ ಬಾಡಿಗೆದಾರರು ಸಿಗುತ್ತಾರೆ, ನಿಜ. ಆದರೆ ಅದೇ ಕಡೆ ಲಾರಿ, ಧೂಳು, ಕೆಲವು ಕಡೆ ವಾಸನೆಯೂ ಇರುತ್ತದೆ. ಹಗಲು ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ಹೋಗಿ ನಿಂತು ನೋಡಿ.

ಮಾದಾವರದಿಂದ ತುಮಕೂರಿಗೆ ಮೆಟ್ರೊ ಬರುತ್ತದೆ, ಇಂಥ ರಿಂಗ್ ರೋಡ್ ಬರುತ್ತದೆ ಎಂದು ಹೇಳಿ ಚದರಡಿಗೆ ಇನ್ನೂರು-ಮುನ್ನೂರು ಏರಿಸುವುದುಂಟು. ಪ್ರಸ್ತಾವಕ್ಕೆ ದುಡ್ಡು ಕೊಡಬೇಡಿ. ಇವತ್ತು ನೆಲದ ಮೇಲೆ ಇರುವ ರಸ್ತೆ, ಇರುವ ಬಸ್ಸು, ಇರುವ ನಲ್ಲಿ ಇಷ್ಟಕ್ಕೆ ಮಾತ್ರ ಬೆಲೆ ಕಟ್ಟಿ.

ಬಡಾವಣೆ ಪೂರ್ತಿ ಹೊಸದಾಗಿ ಕಂಡರೆ, ಕೊಳ್ಳುವ ಮೊದಲು ಆಸುಪಾಸಿನಲ್ಲೇ ಬಾಡಿಗೆಗೆ ಒಂದು ಬೇಸಿಗೆ ಇದ್ದು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಎಲ್ಲರಿಗೂ ಸಾಧ್ಯವಾಗದು, ಆದರೆ ಆಗುವವರು ಖಂಡಿತ ಮಾಡಿ.

ನೀರು: ಏಪ್ರಿಲ್ ಕೊನೆಯಲ್ಲಿ ನೋಡಿ

ಮಹಾನಗರ ಪಾಲಿಕೆಯ ಒಳಗೆ ಬುಗುಡನಹಳ್ಳಿ ಕೆರೆಯ ಮೂಲಕ ಹೇಮಾವತಿ ನೀರು ಬರುತ್ತದೆ. ಪಾಲಿಕೆಯ ಗಡಿ ದಾಟಿದೊಡನೆ ಸಾಮಾನ್ಯವಾಗಿ ಪಂಚಾಯಿತಿ ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕು, ಸರದಿಯ ಮೇಲೆ ನೀರು. ರಸ್ತೆಯ ಈಚೆಗೆ ಪಾಲಿಕೆ, ಆಚೆಗೆ ಪಂಚಾಯಿತಿ ಇರುವ ಜಾಗಗಳಿವೆ. ಮಾರುವವರು 'ಹೇಮಾವತಿ ನೀರು ಇದೆ' ಎಂದರೆ ಅದೇ ಬೀದಿಯ ಯಾರದಾದರೂ ಮನೆಯ ನೀರಿನ ಬಿಲ್ಲು ತೋರಿಸಲು ಕೇಳಿ. ಪೈಪು ಹಾಕಿರುವುದು ಬೇರೆ, ಅದರಲ್ಲಿ ನೀರು ಬರುವುದು ಬೇರೆ.

ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ, ಬೆಳಿಗ್ಗೆ ಆರು ಗಂಟೆಗೆ ಆ ಬಡಾವಣೆಗೆ ಹೋಗಿ. ಗೇಟಿನ ಮುಂದೆ ನೀಲಿ ಡ್ರಮ್ಮುಗಳು ಸಾಲಾಗಿ ಇವೆಯೇ? ಟ್ಯಾಂಕರ್ ಓಡಾಡುತ್ತಿದೆಯೇ? ಯಾರಾದರೂ ನಲ್ಲಿ ಬಿಟ್ಟಿದ್ದರೆ ನಲ್ಲಿಯ ಬಾಯಿ ನೋಡಿ. ಸುತ್ತ ಬಿಳಿ ಗಟ್ಟಿ ಪದರ ಕಟ್ಟಿದ್ದರೆ ನೀರು ಗಡುಸು. ಮನೆಯ ಹೆಣ್ಣುಮಕ್ಕಳನ್ನು ಒಂದೇ ಪ್ರಶ್ನೆ ಕೇಳಿ: "ಅಕ್ಕಾ, ಈ ನೀರಲ್ಲಿ ತೊಗರಿಬೇಳೆ ಬೇಯುತ್ತಾ?" ಗಡುಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಜೀವಕೋಶಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಎಂಬ ಅಂಟನ್ನು ಗಟ್ಟಿ ಮಾಡುವುದರಿಂದ ಎಷ್ಟು ಸೀಟಿ ಕೂಗಿಸಿದರೂ ಬೇಳೆ ಕರಗುವುದಿಲ್ಲ. ಪ್ರಯೋಗಾಲಯಕ್ಕಿಂತ ಮೊದಲೇ ಉತ್ತರ ಕೊಡುವ ಪರೀಕ್ಷೆ ಇದು. "ಅಡುಗೆಗೆ ಕ್ಯಾನ್ ನೀರು ತರ್ತೀವಿ" ಎಂದರೆ ಅದೇ ಉತ್ತರ.

ಆಮೇಲೆ ಲ್ಯಾಬ್. ಬೋರನ್ನು 15-20 ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಎರಡು ಲೀಟರ್ ತುಂಬಿ ಅದೇ ದಿನ ಕೊಡಿ. ವರದಿಯಲ್ಲಿ ಮೊದಲು ನಾಲ್ಕು ಸಂಖ್ಯೆ ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಕರಗಿದ ಲವಣ, ಅಂದರೆ ಟಿಡಿಎಸ್, 500 (ಬೇರೆ ದಾರಿಯಿಲ್ಲದಿದ್ದರೆ 2000). ಗಡುಸುತನ 200, ಗರಿಷ್ಠ 600. ನೈಟ್ರೇಟ್ 45, ಇದಕ್ಕೆ ವಿನಾಯಿತಿಯೇ ಇಲ್ಲ. ತುಮಕೂರು ಜಿಲ್ಲೆಯಲ್ಲಿ ಫ್ಲೋರೈಡ್ ಹೆಸರು ಪಾವಗಡದ ಕಡೆ ಹೆಚ್ಚು ಕೇಳಿಬಂದರೂ, ಗಟ್ಟಿ ಕಲ್ಲಿನ ನೆಲದಲ್ಲಿ ಆಳಕ್ಕೆ ಕೊರೆದ ಯಾವ ಬೋರಿನಲ್ಲೂ ಅದು ಬರಬಹುದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅದಕ್ಕೆ ಆರ್‌ಒದಂಥ ಶೋಧಕ ಬೇಕು.

ನೈಟ್ರೇಟ್ ಹೆಚ್ಚಿದ್ದರೆ ಕಾರಣ ಹೆಚ್ಚಾಗಿ ನಿಮ್ಮ ಕಾಲ ಬುಡದಲ್ಲೇ ಇರುತ್ತದೆ. ಹೊರವಲಯದಲ್ಲಿ ಒಳಚರಂಡಿ ಇಲ್ಲದ ಕಡೆ ಎಲ್ಲರ ಮನೆಯಲ್ಲೂ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ. ಇಂಗುಗುಂಡಿಯು ಕುಡಿಯುವ ನೀರಿನ ಮೂಲದಿಂದ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕೆಂಬುದು ನಿಯಮ. 30×40 ಸೈಟಿನ ಉದ್ದವೇ 40 ಅಡಿ! ನಿಮ್ಮ ಬೋರಿಗೆ ನಿಮ್ಮ ಗುಂಡಿಯೂ ಹತ್ತಿರ, ಪಕ್ಕದವರದ್ದೂ ಹತ್ತಿರ. ಸಣ್ಣ ಸೈಟಿನಲ್ಲಿ ಸ್ವಂತ ಬೋರ್ ಕೊರೆಸುವ ಯೋಚನೆಯಿದ್ದರೆ ಅದರ ನೀರನ್ನು ಕುಡಿಯಲು ಲೆಕ್ಕಕ್ಕೆ ಹಿಡಿಯಬೇಡಿ. ಜೊತೆಗೆ, ಇಲ್ಲಿನ ಕಲ್ಲಿನಲ್ಲಿ ನೀರು ಸಿಗುವುದು ಬಿರುಕುಗಳಲ್ಲಿ ಮಾತ್ರ. ಪಕ್ಕದ ಸೈಟಿನಲ್ಲಿ ಮೂರಿಂಚು ನೀರು ಬಂತೆಂದರೆ ನಿಮ್ಮಲ್ಲೂ ಬರಬೇಕೆಂದಿಲ್ಲ.

ಟ್ಯಾಂಕರ್ ಮೇಲೆ ಬದುಕಬೇಕಾದರೆ ತಿಂಗಳಿಗೆ ಎಷ್ಟು ಎಂದು ಮೊದಲೇ ತಿಳಿಯಿರಿ. ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ತಿಂಗಳಿಗೆ ಸುಮಾರು 16,000 ಲೀಟರ್. 5,000 ಲೀಟರಿನ ಟ್ಯಾಂಕರ್ ಮೂರು ಸಾಲದು, ನಾಲ್ಕನೆಯದೂ ಬೇಕಾಗುತ್ತದೆ. ಟ್ಯಾಂಕರಿನ ನೀರು ಪೂರ್ತಿ ಇಳಿಯಬೇಕಾದರೆ ಸಂಪು ಅದಕ್ಕಿಂತ ದೊಡ್ಡದಿರಬೇಕು. ಒಳಅಳತೆ 8×6×5 ಅಡಿ ಇದ್ದರೆ ಸುಮಾರು 6,800 ಲೀಟರ್ ಹಿಡಿಯುತ್ತದೆ. 900 ಚದರಡಿ ತಾರಸಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್ ನೀರು. ಸೋರಿದ್ದು, ಒಣಗಿದ್ದು ಕಳೆದರೂ 40,000 ಉಳಿಯುತ್ತದೆ. ಎರಡೂವರೆ ತಿಂಗಳ ಬಳಕೆ ಅದು. ಮನೆ ಕಟ್ಟುವಾಗಲೇ ತಾರಸಿಯ ಪೈಪುಗಳನ್ನು ಒಂದು ಕಡೆ ತಂದು, ಸೋಸುಗುಂಡಿಯ ಮೂಲಕ ಸಂಪಿಗೆ ಬಿಡಿಸಿ. ಆಮೇಲೆ ಮಾಡುತ್ತೇನೆ ಎಂದವರಲ್ಲಿ ಮಾಡಿದವರು ಕಡಿಮೆ.

ನೆಲ

ಎರಡು ಕಡೆ ನಾಲ್ಕೈದು ಅಡಿ ಗುಂಡಿ ತೋಡಿಸಿ ನೋಡಿ; ಮಾಲೀಕರನ್ನು ಕೇಳಿಯೇ ತೋಡಿಸಿ. ಕೆಂಪು ಮಣ್ಣು, ಅದರ ಕೆಳಗೆ ಗರಸು ಸಿಕ್ಕಿದರೆ ಒಳ್ಳೆಯದು. ಕೆರೆಯ ಅಚ್ಚುಕಟ್ಟಿನಲ್ಲಿ, ಹಳೇ ಗದ್ದೆಯ ಬಯಲಿನಲ್ಲಿ ಎರೆಮಣ್ಣು ಸಿಗಬಹುದು. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಸಾಧಾರಣ ಅಡಿಪಾಯದ ಮೇಲಿನ ಗೋಡೆಗಳು ಓರೆಯಾಗಿ ಸೀಳುತ್ತವೆ. ಅಂಥ ಕಡೆ ಎಂಜಿನಿಯರ್ ಹೇಳಿದ ಆಳಕ್ಕೆ ಕಾಲಂ ಇಳಿಸಲೇಬೇಕು, ಕಟ್ಟುವ ಖರ್ಚು ಏರುತ್ತದೆ. ಗುಂಡಿಯ ಗೋಡೆಯಲ್ಲಿ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಬೇರೆ ಬಣ್ಣದ ಪದರ ಕಂಡರೆ ಅದು ತುಂಬಿಸಿದ ನೆಲ. ಹಳ್ಳವನ್ನೋ ಬಾವಿಯನ್ನೋ ಮುಚ್ಚಿರಬಹುದು. ಮಳೆ ಬಂದ ಮರುದಿನ ಹೋಗಿ ನೋಡಿದರೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ದಾಖಲೆ: ಯಾವುದನ್ನು, ಯಾಕೆ

ಮಾರುವವರಿಂದ ಸರ್ವೆ ನಂಬರು, ಸೈಟ್ ನಂಬರು ಬರೆದುಕೊಳ್ಳಿ. ಫೋನಿನಲ್ಲಿ 'ದಿಶಾಂಕ್' ಆ್ಯಪ್ ಹಾಕಿಕೊಂಡು ಸೈಟಿನ ನಡುವೆ ನಿಂತರೆ ನೀವು ಯಾವ ಸರ್ವೆ ನಂಬರಿನ ಮೇಲೆ ನಿಂತಿದ್ದೀರಿ ಎಂದು ತೋರಿಸುತ್ತದೆ. ಕಾಗದದಲ್ಲಿ ಒಂದು ಸರ್ವೆ ನಂಬರು, ತೋರಿಸಿದ್ದು ಇನ್ನೊಂದರಲ್ಲಿ ಎಂಬ ಮೋಸ ಇಲ್ಲೇ ಬಯಲಾಗುತ್ತದೆ. ಗಡಿಯ ಹತ್ತಿರ ಕೆಲವು ಮೀಟರು ಆಚೀಚೆ ತೋರಿಸಬಹುದು, ಅದನ್ನು ಸರ್ವೇಯರ್ ಅಳತೆಯ ಬದಲಿಗೆ ನಂಬಬೇಡಿ.

ಮುಂದಿನದು ಪಹಣಿ. ಕಂದಾಯ ಇಲಾಖೆಯ 'ಭೂಮಿ' ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮಾಲೀಕರ ಹೆಸರೊಂದನ್ನೇ ನೋಡಿ ಮುಚ್ಚಿಡಬೇಡಿ. ವಿಸ್ತೀರ್ಣದ ಕಲಂನಲ್ಲಿ ಖರಾಬು (ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ) ಎಷ್ಟಿದೆ ನೋಡಿ. 'ಬಿ' ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. 10ನೇ ಕಲಂನಲ್ಲಿ ಜಮೀನು ಅವರಿಗೆ ಹೇಗೆ ಬಂತು ಎಂಬುದಿದೆ: ಕ್ರಯ, ಪೌತಿ (ತೀರಿಕೊಂಡವರಿಂದ ವಾರಸಾಗಿ), ವಿಭಾಗ, ಮಂಜೂರು. ಅಲ್ಲಿನ ಎಂ.ಆರ್. (ಹಕ್ಕು ಬದಲಾವಣೆ ದಾಖಲೆಯ) ನಂಬರು ಹಿಡಿದು ಮ್ಯುಟೇಶನ್ ನಕಲು ತೆಗೆಸಿ. 11ನೇ ಕಲಂನಲ್ಲಿ ಸಾಲ, ತಡೆಯಾಜ್ಞೆ, ಪರಭಾರೆ (ಬೇರೆಯವರಿಗೆ ವರ್ಗಾಯಿಸುವುದು) ನಿಷೇಧ ಬರೆದಿರುತ್ತದೆ.

'ಮಂಜೂರು', 'ದರಖಾಸ್ತು', 'ಸಾಗುವಳಿ ಚೀಟಿ' ಎಂಬ ಪದ ಕಂಡರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಕೆಳಗೆ ಕ್ರಯವೇ ಅಸಿಂಧು. ಭೂಮಿ ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸ್ ಹೋಗುತ್ತದೆ. ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಮಧ್ಯೆ ನಾಲ್ಕು ಕೈ ಬದಲಾಗಿದ್ದರೂ, ಈಗ ಚಂದದ ಲೇಔಟ್ ಆಗಿದ್ದರೂ ಇದು ಅನ್ವಯಿಸುತ್ತದೆ. ದುರ್ಬಲರ ಭೂಮಿ ಉಳಿಯಲೆಂದು ಮಾಡಿದ ಕಾಯ್ದೆ ಅದು. ಅದನ್ನು ದಾಟುವ ದಾರಿ ಹುಡುಕಬೇಡಿ, ಬೇರೆ ಸೈಟು ನೋಡಿ. ತೋಟಿ, ತಳವಾರ, ಶಾನುಭೋಗ ಇನಾಂ ಜಮೀನುಗಳಲ್ಲಿ ಮರುಮಂಜೂರಾತಿ ಆದೇಶ ಇದೆಯೇ ನೋಡಬೇಕು. ಆಶ್ರಯ ಸೈಟಿನ ಹಕ್ಕುಪತ್ರದಲ್ಲಿ ಪರಭಾರೆ ಷರತ್ತುಗಳಿರುತ್ತವೆ, ಅವನ್ನು ಓದದೆ ಮಾತುಕತೆಗೇ ಕೂರಬೇಡಿ.

ಪೌತಿ ಅಥವಾ ವಿಭಾಗದಿಂದ ಬಂದಿದ್ದರೆ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿರುವುದು ತೀರಾ ಸಾಮಾನ್ಯ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು 2005ರ ತಿದ್ದುಪಡಿಯನ್ನು ಅರ್ಥೈಸಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 'ಮದುವೆ ಮಾಡಿ ಕೊಟ್ಟಿದೀವಿ, ಅವರದ್ದೇನೂ ತಕರಾರಿಲ್ಲ' ಎಂಬ ಬಾಯಿಮಾತು ಸಾಲದು. ಕ್ರಯಪತ್ರದಲ್ಲಿ ಅವರ ಸಹಿ ಬೇಕು, ಅಥವಾ ನೋಂದಣಿಯಾದ ಹಕ್ಕುಬಿಡುಗಡೆ ಪತ್ರ ಬೇಕು. ಅಪ್ರಾಪ್ತರ ಪಾಲಿದ್ದರೆ ಅವರು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಪ್ರಶ್ನಿಸಬಹುದು, ಕೋರ್ಟ್ ಅನುಮತಿಯ ವಿಷಯ ವಕೀಲರ ಹತ್ತಿರ ಮಾತಾಡಿ. ಜಿಪಿಎ (ಮಾಲೀಕರು ಬೇರೆಯವರಿಗೆ ಕೊಟ್ಟ ಅಧಿಕಾರಪತ್ರ) ಮೇಲೆ ಮಾರಾಟ ಎಂದರೆ, ಬರೀ ಜಿಪಿಎಯಿಂದ ಮಾಲೀಕತ್ವ ದಾಟುವುದಿಲ್ಲ ಎಂದು 2011ರಲ್ಲೇ ತೀರ್ಪಾಗಿದೆ. ಜಿಪಿಎದಾರರು ಮಾಲೀಕರ ಪರವಾಗಿ ಕ್ರಯಪತ್ರ ಬರೆದುಕೊಡುವುದಾದರೆ ಮಾಲೀಕರು ಬದುಕಿದ್ದಾರೆಯೇ, ಜಿಪಿಎ ನೋಂದಣಿಯಾಗಿದೆಯೇ, ರದ್ದಾಗಿಲ್ಲವೇ ನೋಡಿ.

ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇ.ಸಿ., ಕನಿಷ್ಠ 30 ವರ್ಷದ್ದು ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಿ ಕಚೇರಿ. ಸೈಟ್ ನಂಬರಿನ ಮೇಲೆ ಒಂದು, ಮೂಲ ಸರ್ವೆ ನಂಬರಿನ ಮೇಲೆ ಒಂದು, ಹೀಗೆ ಎರಡು ತೆಗೆಸಬೇಕು. ಸೈಟಿನದು ಮಾತ್ರ ತೆಗೆದರೆ ಲೇಔಟ್ ಆಗುವ ಮೊದಲಿನ ಅಡಮಾನ ಕಾಣುವುದಿಲ್ಲ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನಡೆಯುತ್ತಿರುವ ಕೋರ್ಟ್ ಕೇಸು, ನೋಂದಣಿಯಾಗದ ವಿಲ್ಲು ಅದರಲ್ಲಿರುವುದಿಲ್ಲ. ಇ-ಕೋರ್ಟ್ಸ್ ತಾಣದಲ್ಲಿ ಮಾಲೀಕರ ಹೆಸರು ಹಾಕಿ ಹುಡುಕಿ. ವಸಂತನರಸಾಪುರದ ಆಸುಪಾಸಿನಲ್ಲಿ ಕೊಳ್ಳುವವರು ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಅಧಿಸೂಚನೆಯನ್ನೂ ನೋಡಲೇಬೇಕು. 28(1) ಪ್ರಾಥಮಿಕ, 28(4) ಅಂತಿಮ. ಸರ್ವೆ ನಂಬರು ಇವುಗಳಲ್ಲಿದ್ದರೆ ಭೂಸ್ವಾಧೀನದ ಹಾದಿಯಲ್ಲಿದೆ ಎಂದೇ ಅರ್ಥ.

'ಪಂಚಾಯಿತಿ ಅಪ್ರೂವ್ಡ್' ಎಂಬ ಮಾತು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅಗ್ಗದ ಸೈಟುಗಳ ಗುಟ್ಟೆಲ್ಲ ಇಲ್ಲಿದೆ. ಕೃಷಿ ಜಮೀನು ಬಡಾವಣೆಯಾಗಬೇಕಾದರೆ ಮೊದಲು ಭೂ ಪರಿವರ್ತನೆ (ಜನ ಡಿಸಿ ಕನ್ವರ್ಷನ್ ಎನ್ನುವುದು), ಆಮೇಲೆ ಯೋಜನಾ ಪ್ರಾಧಿಕಾರದ ಲೇಔಟ್ ಅನುಮೋದನೆ. ತುಮಕೂರಿನ ಸುತ್ತ ಆ ಪ್ರಾಧಿಕಾರ ಎಂದರೆ ಟೂಡಾ, ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ. ಅದರ ವ್ಯಾಪ್ತಿಯೊಳಗೆ ಪಂಚಾಯಿತಿ ತಾನೇ ಲೇಔಟ್ ಅನುಮೋದಿಸುವಂತಿಲ್ಲ. ಪರಿವರ್ತನೆಯಾಗಿದ್ದು ಲೇಔಟ್ ಅನುಮೋದನೆ ಇಲ್ಲದ್ದು ಅರ್ಧ ದಾರಿ. ಎರಡೂ ಇಲ್ಲದ್ದು ರೆವಿನ್ಯೂ ಸೈಟು. ಅಲ್ಲಿ ಸುಣ್ಣದ ಗೆರೆ, ಕಲ್ಲು, ಕಮಾನು ಎಲ್ಲ ಇರಬಹುದು. ಆದರೆ ಪಾರ್ಕು, ರಸ್ತೆಗಳನ್ನು ಪರಿತ್ಯಾಜನಾ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿರುವುದಿಲ್ಲ. ಆ ರಸ್ತೆ ಇವತ್ತಿಗೂ ಕಾಗದದಲ್ಲಿ ಖಾಸಗಿ ಜಮೀನು. ನಾಳೆ ಯಾರೋ ಕಲ್ಲು ನೆಟ್ಟರೆ ಕೇಳುವುದು ಯಾರನ್ನು?

ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಬೇಕು. ಇವು ಅನುಮೋದಿತ ಬಡಾವಣೆ ಅಥವಾ ಗ್ರಾಮಠಾಣಾ (ಊರಿನ ಹಳೆಯ ವಸತಿ ಗಡಿಯೊಳಗಿನ) ಸ್ವತ್ತಿಗೆ ಸಿಗುವಂಥವು. 11ಬಿ ಎಂದರೆ ತೆರಿಗೆ ಲೆಕ್ಕಕ್ಕೆ ತಂದಿರುವುದು. ಕಟ್ಟಡ ಪರವಾನಗಿಗೂ ಬ್ಯಾಂಕ್ ಸಾಲಕ್ಕೂ ತೊಡಕು. ಪಾಲಿಕೆಯ ಒಳಗೆ ಇ-ಆಸ್ತಿಯ ಎ ಖಾತೆ, ಬಿ ಖಾತೆಗೂ ಇದೇ ಮಾತು. ಮಾರುವವರು ಕೊಟ್ಟ ಪ್ರಿಂಟನ್ನು ನಂಬದೆ ಅದರಲ್ಲಿನ ಸಂಖ್ಯೆಯನ್ನು ಇ-ಸ್ವತ್ತು ತಾಣದಲ್ಲಿ ನೀವೇ ಹಾಕಿ, ವಿಸ್ತೀರ್ಣ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಹೆಸರು ತಾಳೆ ನೋಡಿ. 'ಗ್ರಾಮಠಾಣಾ' ಎಂದಿದ್ದರೆ ಗ್ರಾಮ ನಕ್ಷೆಯಲ್ಲಿ ಆ ಜಾಗ ನಿಜವಾಗಿ ಠಾಣಾ ಗಡಿಯೊಳಗಿದೆಯೇ ನೋಡಿ. ಹೊಲವನ್ನೇ ಊರೊಳಗೆ ಎಳೆದು ತೋರಿಸಿರುವುದುಂಟು.

500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಮಾಡಿದ ಹೊಸ ಲೇಔಟ್ ಕರ್ನಾಟಕ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆಯನ್ನು ತಾಣದಲ್ಲಿ ಹಾಕಿದರೆ ಅನುಮೋದಿತ ನಕ್ಷೆಯೇ ಸಿಗುತ್ತದೆ. ಬ್ರೋಷರಿನಲ್ಲಿ ಪಾರ್ಕ್ ಎದುರಿನ ಸೈಟು ಎಂದಿದ್ದದ್ದು ಅಲ್ಲಿ ಯಾವ ಕಡೆ ಇದೆ ನೋಡಿ. ಟೂಡಾ ಕಚೇರಿಯಲ್ಲಿ ಮಹಾಯೋಜನೆಯ ನಕ್ಷೆ ಕೇಳಿ, ನಿಮ್ಮ ಸರ್ವೆ ನಂಬರು ವಸತಿ ವಲಯದಲ್ಲಿದೆಯೇ, ಅದರ ಮೇಲೆ ಸಿಡಿಪಿ ರಸ್ತೆ (ಮಹಾಯೋಜನೆಯಲ್ಲಿ ಗುರುತಿಸಿದ ರಸ್ತೆ) ಹಾಯುತ್ತದೆಯೇ, ಕೆರೆ ಅಥವಾ ಕಾಲುವೆಯ ಅಂಚಿನಲ್ಲಿದೆಯೇ ತಿಳಿಯಿರಿ.

2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬುದನ್ನು ಹಿಡಿದು ಒಂದೆರಡು ಗುಂಟೆ ಮಾರುವವರಿದ್ದಾರೆ. ಒಂದು ಗುಂಟೆ 1,089 ಚದರಡಿ, ಅಗ್ಗವಾಗಿ ಕಾಣುತ್ತದೆ. ಕೊಳ್ಳುವ ಅವಕಾಶ ಬೇರೆ, ಮನೆ ಕಟ್ಟುವ ಅವಕಾಶ ಬೇರೆ. ಪರಿವರ್ತನೆ ಇಲ್ಲದೆ ಕಟ್ಟುವಂತಿಲ್ಲ, ಸರ್ವೆ ನಂಬರಿನ ಭಾಗ ಕೊಳ್ಳಲು 11ಇ ನಕ್ಷೆಯೂ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು.

ಕಟ್ಟಿದ ಮನೆ ಕೊಳ್ಳುವುದಾದರೆ ಮಂಜೂರಾದ ಪ್ಲಾನು ಕೇಳಿ, ಕಟ್ಟಿದ್ದು ಅದರಂತಿದೆಯೇ ನೋಡಿ. ಬೆಸ್ಕಾಂ ಬಿಲ್ಲಿನ ಆರ್.ಆರ್. ನಂಬರು ಯಾರ ಹೆಸರಲ್ಲಿದೆ, ಅದು ಕಾಯಂ ಸಂಪರ್ಕವೋ ಕಟ್ಟಡ ಕಟ್ಟಲು ಪಡೆದ ತಾತ್ಕಾಲಿಕ ಸಂಪರ್ಕವೋ ನೋಡಿ. ಸ್ವಾಧೀನಾನುಭವ ಪತ್ರ (ಕಟ್ಟಿದ್ದು ಪ್ಲಾನಿನಂತಿದೆ ಎಂದು ಕೊಡುವ ಒ.ಸಿ.) ನೋಡಿಯೇ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಈ ವಿಷಯ ಬಿಗಿಯಾಗಿದೆ. ನಿಮ್ಮ ಅಳತೆಯ ಮನೆಗೆ ಸದ್ಯ ಏನು ನಿಯಮ ಎಂದು ಬೆಸ್ಕಾಂ ಉಪವಿಭಾಗದಲ್ಲೇ ಕೇಳಿ.

ಅಳೆಯುವುದು

ಟೇಪು, ದಾರ, ನಾಲ್ಕು ಗೂಟ ಒಯ್ಯಿರಿ. ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಕರ್ಣ ಅಳೆಯಬೇಕು. 30×40 ಸೈಟಿನ ಎರಡೂ ಕರ್ಣ ಸರಿಯಾಗಿ 50 ಅಡಿ ಬರಬೇಕು. 30×50ಕ್ಕೆ 58 ಅಡಿ 4 ಇಂಚು, 40×60ಕ್ಕೆ 72 ಅಡಿ ಒಂದೂಕಾಲು ಇಂಚು. ಬದಿಗಳೆಲ್ಲ ಸರಿಯಿದ್ದು ಒಂದು ಕರ್ಣ 48, ಇನ್ನೊಂದು 52ರ ಹತ್ತಿರ ಬಂದರೆ ಸೈಟು ಓರೆಯಾಗಿದೆ. ವಿಸ್ತೀರ್ಣವೂ ಕಡಿಮೆ, ಕೋಣೆಗಳ ಮೂಲೆಯೂ ಕೂರುವುದಿಲ್ಲ. ದಾರವನ್ನು ಸಮಮಟ್ಟದಲ್ಲಿ ಬಿಗಿಯಾಗಿ ಹಿಡಿಯಿರಿ, ಇಳಿಜಾರಿನಲ್ಲಿ ನೆಲದ ಮೇಲೆ ಹಾಸಿ ಅಳೆದರೆ ಹೆಚ್ಚು ತೋರಿಸುತ್ತದೆ. ಎದುರಿನ ರಸ್ತೆಯನ್ನೂ ಅಳೆಯಿರಿ. 30 ಅಡಿ ಎಂದು ಬರೆದಲ್ಲಿ 24 ಬಂದರೆ ಯಾರ ಸೈಟೋ ರಸ್ತೆಗೆ ಬಂದಿದೆ.

ಈಗ ಅಡ್ವಾನ್ಸ್

ದುಡ್ಡು ಪೂರ್ತಿ ಕೈಯಲ್ಲಿದ್ದರೂ ಸಣ್ಣದೊಂದು ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವುದು ಒಳ್ಳೆಯದು. ಬ್ಯಾಂಕಿನ ವಕೀಲರು ದಾಖಲೆ ನೋಡಿ ಬೇಡವೆಂದರೆ ಕಾರಣ ಕೇಳಿ ತಿಳಿದುಕೊಳ್ಳಿ. ನಿಮ್ಮದೇ ವಕೀಲರನ್ನೂ ಇಟ್ಟುಕೊಳ್ಳಿ, ಮಾರುವವರು 'ನಮ್ಮ ಲಾಯರ್ ನೋಡಿದಾರೆ' ಎಂದರೆ ಅದು ನಿಮ್ಮ ಪರಿಶೀಲನೆಯಲ್ಲ.

ಅಗ್ರಿಮೆಂಟ್ ನೋಂದಣಿ ಮಾಡಿಸಿ. ರೇರಾ ಲೇಔಟ್‌ನಲ್ಲಿ ನೋಂದಾಯಿತ ಕರಾರಿಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಕರಾರಿನಲ್ಲಿ ಒಟ್ಟು ಬೆಲೆ, ಕೊಟ್ಟಿದ್ದು, ಬಾಕಿ, ಕ್ರಯದ ಕೊನೆಯ ದಿನ, ದಾಖಲೆಯಲ್ಲಿ ದೋಷ ಕಂಡರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್ ಎಂಬುದು ಇರಲಿ. ಎಲ್ಲ ಹಣ ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಹೋಗಲಿ. ಆಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತ ದಂಡ ಬೀಳುತ್ತದೆ, ಕ್ರಯ ಮುರಿದರೆ ನಗದಾಗಿ ಕೊಟ್ಟಿದ್ದಕ್ಕೆ ನಿಮ್ಮ ಕೈಯಲ್ಲಿ ಸಾಕ್ಷಿಯೂ ಇರುವುದಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದ್ದು.

ನೋಂದಣಿಯ ಖರ್ಚು ಹೀಗೆ. ಪಂಚಾಯಿತಿ ವ್ಯಾಪ್ತಿಯ 18 ಲಕ್ಷದ ಸೈಟು ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅಂದರೆ 90,000. ಅದರ ಮೇಲೆ ಶೇ. 10 ಸೆಸ್ 9,000, ಶೇ. 3 ಸರ್‌ಚಾರ್ಜ್ 2,700. 2025ರ ಆಗಸ್ಟ್ 31ರಿಂದ ಶೇ. 2 ಆಗಿರುವ ನೋಂದಣಿ ಶುಲ್ಕ 36,000. ಒಟ್ಟು 1,37,700 ರೂ. ಪಾಲಿಕೆಯ ಒಳಗಾದರೆ ಸರ್‌ಚಾರ್ಜ್ ಶೇ. 2. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ನಿಮ್ಮ ಕ್ರಯದ ಬೆಲೆಗಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ.

ಕಾವೇರಿ 2.0ರಲ್ಲಿ ಕ್ರಯಪತ್ರದ ಕರಡು ಹಾಕಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿ, ಇಬ್ಬರು ಸಾಕ್ಷಿಗಳ ಜೊತೆ ಗುರುತಿನ ಮೂಲ ದಾಖಲೆ ಹಿಡಿದು ಹೋಗಬೇಕು. ಸಹಿ ಹಾಕುವ ಮೊದಲು ಚೆಕ್ಕುಬಂದಿಯನ್ನು ಜೋರಾಗಿ ಓದಿಸಿ ಕೇಳಿ: ಪೂರ್ವಕ್ಕೆ ಯಾವ ಸೈಟು, ಪಶ್ಚಿಮಕ್ಕೆ ಯಾವುದು, ಉತ್ತರ, ದಕ್ಷಿಣಕ್ಕೆ ರಸ್ತೆಯೋ ಸೈಟೋ. ಪೂರ್ವ-ಪಶ್ಚಿಮ ಅದಲುಬದಲಾದರೆ ಸರಿಪಡಿಸಲು ತಿದ್ದುಪಡಿ ಪತ್ರವನ್ನು ಮತ್ತೆ ನೋಂದಣಿ ಮಾಡಿಸಬೇಕು, ಅದಕ್ಕೆ ಮಾರಿದವರೇ ಬಂದು ಸಹಿ ಹಾಕಬೇಕು. ಕಾಸು ಎಣಿಸಿಕೊಂಡವರನ್ನು ಮತ್ತೆ ಕರೆಸುವುದು ಸುಲಭವಲ್ಲ. ಹಳೆಯ ಮೂಲಪತ್ರಗಳನ್ನೆಲ್ಲ ಪಟ್ಟಿ ಮಾಡಿ ಆವತ್ತೇ ಪಡೆಯಿರಿ.

ನೋಂದಣಿಯಾದ ಮೇಲೆ ಖಾತೆ ನಿಮ್ಮ ಹೆಸರಿಗೆ ಬರುವವರೆಗೆ ಬಿಡಬೇಡಿ. ನಾಲ್ಕು ಮೂಲೆಗೂ ಕಲ್ಲು ನೆಟ್ಟು ತಂತಿಬೇಲಿ ಹಾಕಿ, ಹೆಸರು, ಸೈಟ್ ನಂಬರಿನ ಬೋರ್ಡ್ ನಿಲ್ಲಿಸಿ ಫೋಟೋ ತೆಗೆದಿಡಿ. ವರ್ಷ ವರ್ಷ ಕಂದಾಯ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಮಳೆಗಾಲ ಕಳೆದ ಮೇಲೆ ಪಾರ್ಥೇನಿಯಂ ಕೀಳಿಸಿ. ಖಾಲಿ ಬಿಟ್ಟ ಸೈಟಿನಲ್ಲಿ ಬೇರೆಯವರು ನಿಮ್ಮ ತಡೆಯಿಲ್ಲದೆ 12 ವರ್ಷ ಬೀಡುಬಿಟ್ಟರೆ ಅವರೇ ಹಕ್ಕು ಕೇಳಬಹುದು. ನೋಂದಣಿಯಾಗಿ ಒಂದು ತಿಂಗಳ ಹೊತ್ತಿಗೆ ಇ.ಸಿ.ಯನ್ನು ಇನ್ನೊಮ್ಮೆ ತೆಗೆಸಿ. ಕೊನೆಯ ಸಾಲಿನಲ್ಲಿ ನಿಮ್ಮ ಹೆಸರು, ಕ್ರಯಪತ್ರದ ಸಂಖ್ಯೆ, ವಿಸ್ತೀರ್ಣ ಸರಿಯಾಗಿ ಮೂಡಿದೆಯೇ ನೋಡಿ, ಆ ಪ್ರತಿಯನ್ನು ಕ್ರಯಪತ್ರದ ಜೊತೆಗೇ ಇಡಿ.